ಮೇಲಿನ ಶೆಲ್ಫಿನ ಮಹನೀಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗೊಬ್ಬರದಂಗಡಿಯ ಕೌಂಟರಿನ ಹಿಂದೆ, ಕೈಗೆಟುಕದ ಎತ್ತರದಲ್ಲಿ, ಗಾಜಿನ ಬಾಗಿಲೊಳಗೆ ವಿರಾಜಮಾನರಾಗಿರುವ ತಮಗೆ ಬೆಳ್ತಂಗಡಿ ತಾಲೂಕಿನ ಒಬ್ಬ ಸಾಧಾರಣ ಅಡಿಕೆ ಕೃಷಿಕನ ನಮಸ್ಕಾರಗಳು. ತಮ್ಮ ಪೂರ್ಣ ನಾಮಧೇಯ ಎಮಾಮೆಕ್ಟಿನ್ ಬೆಂಜೊಯೇಟ್, ಸ್ಪೈನೆಟೊರಾಮ್, ಕ್ಲೋರಾಂಟ್ರಾನಿಲಿಪ್ರೋಲ್ ಎಂದು ತಿಳಿದುಕೊಂಡಿದ್ದೇನೆ. ಮೂರನೆಯವರ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲವರು ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ನಾವೆಲ್ಲ 'ಆ ಸಣ್ಣ ಬಾಟ್ಲಿ' ಎಂದೇ ಕರೆಯುವುದು. ಅಗೌರವ ಎಂದು ತಿಳಿಯಬಾರದು. ಊರಿನ ದೊಡ್ಡ ಮನುಷ್ಯರನ್ನೂ ನಾವು ಹೆಸರು ಹಿಡಿದು ಕರೆಯುವುದಿಲ್ಲ.

ತಮ್ಮ ಮೇಲೆ ನನ್ನದೊಂದು ದೂರು ಉಂಟು. ಮದ್ದಿನ ಮೇಲೆ ಜನ ದೂರು ಹೇಳುವುದು ಅದು ಕೆಲಸ ಮಾಡಲಿಲ್ಲ ಎಂದು. ನನ್ನ ದೂರು ಬೇರೆ. ತಾವು ಕೆಲಸ ಮಾಡುತ್ತೀರಿ; ಅದೂ ಚೆನ್ನಾಗಿ ಮಾಡುತ್ತೀರಿ. ತೊಂದರೆ ಶುರುವಾದದ್ದೇ ಅಲ್ಲಿಂದ.

ತಮ್ಮನ್ನು ನಾನು ಮನೆಗೆ ತಂದದ್ದು ಮೆಕ್ಕೆಜೋಳಕ್ಕೆ ಬಿದ್ದ ಹುಳಕ್ಕಾಗಿ. ಬೆಳ್ತಂಗಡಿಯಲ್ಲಿ ಆ ಜೋಳ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಡಿಕೆ, ತೆಂಗು, ರಬ್ಬರು, ಕಾಳುಮೆಣಸು, ಉಳಿದ ಜಾಗದಲ್ಲಿ ಒಂದಿಷ್ಟು ಭತ್ತ, ಇದು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಮೂರೂ ತಾಲೂಕಿನ ಜಾತಕ. ಆದರೆ ಮಳೆಗಾಲದ ಏಣೇಲು ಬೆಳೆಗೇ ಜನ ಸಿಗದೆ ಹಡಿಲು ಬಿದ್ದ ಗದ್ದೆಗಳು ಈಗ ಊರಿಗೆ ಹತ್ತಾರು. ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡವರು ಅಂಥ ಗದ್ದೆಯ ಮೂಲೆಯಲ್ಲಿ ನೀರಿನ ಅನುಕೂಲ ನೋಡಿಕೊಂಡು ಮೇವಿಗೆಂದು ಜೋಳ ಬಿತ್ತುತ್ತಾರೆ. ತಳಿಯ ಹೆಸರು ಆಫ್ರಿಕನ್ ಟಾಲ್. ಹೂ ಬಿಟ್ಟು ತೆನೆ ಹಾಲು ತುಂಬುವ ಹೊತ್ತಿಗೆ, ಅಂದರೆ 60-70 ದಿನಕ್ಕೆ, ಬುಡಸಮೇತ ಕಡಿದು ಹಸುವಿನ ಮುಂದೆ ಹಾಕುವುದು. ನಾನು ಹಾಕಿದ್ದು ಹದಿನೈದು ಸೆಂಟ್ಸ್. ಹಾವೇರಿಯ ರೈತ ಇದನ್ನು ಕೇಳಿದರೆ ನಗುತ್ತಾನೆ. ನಗಲಿ. ಹುಳ ನಗಲಿಲ್ಲ, ಅದಕ್ಕೆ ಎಕರೆ ಲೆಕ್ಕ ಗೊತ್ತಿಲ್ಲ.

ಆ ಹುಳದ ಪರಿಚಯ ತಮಗೆ ಮಾಡಿಕೊಡುವ ಅಗತ್ಯವಿಲ್ಲ, ಅದು ತಮ್ಮ ಅನ್ನದಾತ. ಓದುಗರಿಗಾಗಿ ಹೇಳುತ್ತೇನೆ. ಫಾಲ್ ಸೈನಿಕ ಹುಳು, ರೈತರ ಬಾಯಲ್ಲಿ ಲದ್ದಿ ಹುಳ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಜೋಳದ ಹೊಲದಲ್ಲಿ ಕಂಡಿತು. ಭಾರತದಲ್ಲಿ ಅದೇ ಮೊದಲು. ಗುರುತು ಹಿಡಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟತಜ್ಞರು. ಎರಡು ವರ್ಷ ಮೊದಲು, 2016ರಲ್ಲಿ, ಇದೇ ಹುಳ ಅಮೆರಿಕ ಖಂಡದಿಂದ ಸಮುದ್ರ ದಾಟಿ ಪಶ್ಚಿಮ ಆಫ್ರಿಕದಲ್ಲಿ ಇಳಿದಿತ್ತು. ಶಿವಮೊಗ್ಗಕ್ಕೆ ಬಂದ ಮೇಲೆ ಅದಕ್ಕೆ ವೀಸಾ, ಪಾಸು ಯಾವುದೂ ಬೇಕಾಗಲಿಲ್ಲ. ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲ ಪತಂಗ ಅದು. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಇಟ್ಟ ಗುಂಪಿನ ಮೇಲೆ ತನ್ನ ಮೈಯ ರೋಮದ ಹೊದಿಕೆಯನ್ನೂ ಹೊದಿಸುತ್ತದೆ. ಒಂದೇ ವರ್ಷದಲ್ಲಿ ದೇಶದ ಬಹುಪಾಲು ಜೋಳದ ರಾಜ್ಯಗಳಲ್ಲಿ ಅದರ ಸಂಸಾರ ಬೆಳೆದಿತ್ತು. 2019ಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ. ಇಷ್ಟು ಜಗತ್ತು ತಿರುಗಿದ ಜೀವಕ್ಕೆ ಘಟ್ಟ ಇಳಿಯುವುದು ಯಾವ ಲೆಕ್ಕ? ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದು ನಮಗೆ ಮಾತ್ರ.

ನೋಡಿ, ಎಂಥ ಸೊಗಸು. ಜೋಳದ ತವರು ಮೆಕ್ಸಿಕೊ. ತಳಿಯ ಹೆಸರು ಆಫ್ರಿಕದ್ದು. ಹುಳ ಅಮೆರಿಕದ್ದು. ತಮ್ಮಲ್ಲೊಬ್ಬರ ಮೂಲ ಕೆರಿಬಿಯನ್ ದ್ವೀಪ, ಇನ್ನೊಬ್ಬರದ್ದು ಜಪಾನು. ಗದ್ದೆ ಮತ್ತು ಸೊಸೈಟಿಯ ಸಾಲ ಮಾತ್ರ ಅಪ್ಪಟ ತುಳುನಾಡಿನದು.

ತಮ್ಮ ವಂಶಾವಳಿ ಕೆದಕಿ ನೋಡಿದೆ, ಕ್ಷಮಿಸಿ. ಜಪಾನಿನ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಪಕ್ಕ ಸತೋಶಿ ಒಮುರಾ ಎಂಬ ವಿಜ್ಞಾನಿ ಒಂದು ಚಿಟಿಕೆ ಮಣ್ಣು ಎತ್ತಿಕೊಂಡರು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಹುಟ್ಟಿದ್ದು ಐವರ್‌ಮೆಕ್ಟಿನ್. ಒಮುರಾ ಅವರಿಗೆ 2015ರ ನೊಬೆಲ್ ಬಂತು. ಅದೇ ಮನೆತನದ ಕಿರಿಯ ಕುಡಿ ಎಮಾಮೆಕ್ಟಿನ್. ಸ್ಪೈನೆಟೊರಾಮ್ ಅವರ ಹಿರಿಯರು ಸಿಕ್ಕಿದ್ದು 1982ರಲ್ಲಿ, ಕೆರಿಬಿಯನ್‌ನ ಪಾಳುಬಿದ್ದ ರಮ್ ಭಟ್ಟಿಯೊಂದರ ಮಣ್ಣಿನಲ್ಲಿ, ರಜೆಗೆ ಹೋದ ವಿಜ್ಞಾನಿಯೊಬ್ಬರ ಕೈಗೆ. ಸಾರಾಯಿ ಭಟ್ಟಿಯಿಂದಲೂ ಲೋಕಕ್ಕೆ ಒಳ್ಳೆಯದಾಗಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಏಕೈಕ ಸಾಕ್ಷಿ ತಾವು. ಕ್ಲೋರಾಂಟ್ರಾನಿಲಿಪ್ರೋಲ್ ಅವರು ಪ್ರಯೋಗಾಲಯದಲ್ಲೇ ಹುಟ್ಟಿದವರು. ಆದರೂ ಹುಳದ ಸ್ನಾಯುವಿನಲ್ಲಿ ತಾವು ಹಿಡಿಯುವ ಬೀಗ, ದಕ್ಷಿಣ ಅಮೆರಿಕದ ರಯಾನಿಯಾ ಎಂಬ ಗಿಡದ ವಿಷ ಹಿಡಿಯುವ ಬೀಗವೇ. ಬೀಗ ತೆರೆದುಬಿಡುತ್ತೀರಿ, ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಸೋರಿಹೋಗುತ್ತದೆ, ಹುಳದ ದವಡೆ ಕೆಲವೇ ಗಂಟೆಯಲ್ಲಿ ನಿಲ್ಲುತ್ತದೆ. ಹುಳ ಸಾಯುವುದು ಆಮೇಲೆ, ನಿಧಾನಕ್ಕೆ; ತಿನ್ನುವುದು ಮಾತ್ರ ಅಂದೇ ಬಂದ್. ಮರುದಿನ ಬೆಳಿಗ್ಗೆ ಸುಳಿ ಬಿಡಿಸಿ ನೋಡಿ "ಸತ್ತಿಲ್ಲ ಮಾರಾಯ, ಮೋಸ" ಎಂದು ಎರಡನೆಯ ಸಲ ಪಂಪು ಹೆಗಲಿಗೇರಿಸುವ ರೈತನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹಳೆಯ ತಲೆಮಾರಿನ ಮದ್ದುಗಳಿಗೆ ಹೋಲಿಸಿದರೆ ತಾವು ಸಜ್ಜನರು. ಎಕರೆಗೆ ಲೀಟರುಗಟ್ಟಲೆ ಸುರಿಯುತ್ತಿದ್ದ ಕಾಲ ಹೋಗಿ ಈಗ ಗ್ರಾಂ ಲೆಕ್ಕ. ಎಮಾಮೆಕ್ಟಿನ್ ಶೇಕಡಾ 5ರ ಪುಡಿಯಾದರೆ ಲೀಟರು ನೀರಿಗೆ 0.4 ಗ್ರಾಂ. ಸ್ಪೈನೆಟೊರಾಮ್ ಅರ್ಧ ಮಿಲಿ. ಕ್ಲೋರಾಂಟ್ರಾನಿಲಿಪ್ರೋಲ್ 0.4 ಮಿಲಿ. ನನ್ನ ಹದಿನೈದು ಸೆಂಟ್ಸಿಗೆ 30 ಲೀಟರು ನೀರು ಸಾಕು, ಅಂದರೆ ಪುಡಿ 12 ಗ್ರಾಂ. ಹನ್ನೆರಡು ಗ್ರಾಂ ತೂಗುವ ತಕ್ಕಡಿ ಬಂಗಾರದ ಅಂಗಡಿಯಲ್ಲಿ ಉಂಟು. ಮದ್ದಿನ ಅಂಗಡಿಯಲ್ಲಿ ಇರುವುದು ಮುಚ್ಚಳ.

ಆ ಅಂಗಡಿಯ ಸಂಭಾಷಣೆ ತಾವೂ ಮೇಲಿನಿಂದ ಕೇಳಿಸಿಕೊಂಡಿರಬೇಕು.

"ಜೋಳಕ್ಕೆ ಹುಳ ಬಿದ್ದಿದೆ."

"ಎಷ್ಟು ಜಾಗ ಉಂಟು ಅಣ್ಣ?"

"ಹದಿನೈದು ಸೆಂಟ್ಸ್."

"ಅಷ್ಟಕ್ಕೆ ಇದಕ್ಕಿಂತ ಸಣ್ಣದು ಬರುದಿಲ್ಲ. ಉಳಿದದ್ದು ಬದನೆಗೆ ಬಿಡಿ. ಪಂಪಿಗೆ ಇದು ಒಂದು ಮುಚ್ಚಳ, ಒಟ್ಟಿಗೆ ಇದು ಅರ್ಧ ಮುಚ್ಚಳ, ಮತ್ತೆ ಈ ಟಾನಿಕ್ ಒಂದು. ಎಲ್ಲ ಒಂದೇ ಸಲ ಬಿಡಿ."

"ಸ್ಟ್ರಾಂಗ್ ಉಂಟಾ?"

"ಎಂತ ಕೇಳ್ತೀರಿ ಮಾರಾಯ್ರೆ."

ಹುಳ ಎಷ್ಟು ದೊಡ್ಡದಾಗಿದೆ, ನೂರು ಗಿಡದಲ್ಲಿ ಎಷ್ಟಕ್ಕೆ ಬಿದ್ದಿದೆ, ಜೋಳ ಕಾಳಿಗೋ ಮೇವಿಗೋ, ಬಿತ್ತಿ ಎಷ್ಟು ದಿನವಾಯಿತು, ಈ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೂ ಆತ ಕೇಳಲಿಲ್ಲ. ಆತನನ್ನು ದೂರುವುದಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ, ಸ್ಟ್ರಾಂಗ್ ಉಂಟಾ ಎಂದು. ಅದಕ್ಕೆ ತಕ್ಕ ಉತ್ತರ ಕೊಟ್ಟ.

ವಿಚಿತ್ರ ಏನೆಂದರೆ ನಾವು ಮದ್ದಿನ ವಿಷಯದಲ್ಲಿ ಉಡಾಫೆ ಜನ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ತಾವು ಬಂದು ನೋಡಬೇಕು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಯಾವುದಕ್ಕೆ ಯಾವುದನ್ನು ಸುರಿಯಬೇಕು ಎಂಬುದರ ಬಗ್ಗೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಕೊನೆಗೆ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಹಿಡಿದು, ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ. ಮೈಸೂರು ಸಂಸ್ಥಾನದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದು ನೂರು ವರ್ಷ ದಾಟಿತು. ಆ ಕತ್ತಿ ಅದ್ದುವ ಕ್ರಮ ಇಂದಿಗೂ ತಪ್ಪಿಲ್ಲ. ಮಳೆ ಹಿಡಿಯುವ ಮೊದಲೇ ಬಿಡಬೇಕು, ಕೊಳೆ ಬಂದ ಮೇಲೆ ಬಿಟ್ಟು ಫಲವಿಲ್ಲ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಇದೇ ಮನುಷ್ಯ ತಮ್ಮ ಬಾಟಲಿ ಕೈಗೆ ಬಂದ ಕ್ಷಣ ಬುದ್ಧಿಯನ್ನು ಅಂಗಡಿಯ ಕೌಂಟರಿನಲ್ಲಿ ಅಡವಿಟ್ಟು ಬರುತ್ತಾನೆ. ಕಾರಣ ಸರಳ. ಬೋರ್ಡೋ ನಮ್ಮ ಕೈಯ ಅಡುಗೆ, ಕೆಟ್ಟರೆ ನಮ್ಮ ತಲೆಗೇ. ತಾವು ತಯಾರಾಗಿ ಬಂದವರು, ತಮ್ಮ ಮೇಲೆ ಭಾರ ಹಾಕಿ ಮಲಗಬಹುದು.

ಮೂಡುಬಿದಿರೆ ಕಡೆ ಕಟ್ಟಡದ ಕೆಲಸಕ್ಕೆ ಬಂದ ಹಾವೇರಿ ಜಿಲ್ಲೆಯ ಮೇಸ್ತ್ರಿಯೊಬ್ಬರು ಒಮ್ಮೆ ನಮ್ಮ ಗದ್ದೆಯ ಹುಣಿಯಲ್ಲಿ ನಿಂತು ಹೇಳಿದ್ದು ನೆನಪುಂಟು. ಊರಿನಲ್ಲಿ ಅವರಿಗೆ ನಾಲ್ಕು ಎಕರೆ ಗೋವಿನಜೋಳ. "ಎಲಿ ಮ್ಯಾಲ ಬಿಳಿ ಪರದೆ ಕಂಡಾಗ ಹೊಡದ್ರ ಔಷಧ, ಸುಳಿಯಾಗ ಲದ್ದಿ ಕಂಡಾಗ ಹೊಡದ್ರ ಬರೇ ನೀರು ನೋಡ್ರಿ ಸಾಹುಕಾರ್ರ" ಎಂದರು. ಆಮೇಲೆ ಒಂದು ಎಲೆ ಬಿಡಿಸಿ, ಹುಳದ ಹಣೆಯ ಮೇಲಿನ ತಲೆಕೆಳಗಾದ ವೈ ಗುರುತನ್ನೂ, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಚುಕ್ಕೆಗಳನ್ನೂ ತೋರಿಸಿದರು. ವಿಶ್ವವಿದ್ಯಾಲಯದ ಕರಪತ್ರದಲ್ಲಿ ಇರುವುದೂ ಅದೇ ಮಾತು, ಇಷ್ಟು ಚಂದ ಇಲ್ಲ ಅಷ್ಟೇ.

ಹುಳದ ಆಯುಷ್ಯದ ಲೆಕ್ಕ ಹೀಗಿದೆ. ಮೊಟ್ಟೆ ಒಡೆಯಲು ಎರಡು ಮೂರು ದಿನ. ಮರಿಗಳು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ, ಎಲೆಯಲ್ಲಿ ಬೆಳಕು ಹಾಯುವ ಬಿಳಿ ಕಲೆ ಬೀಳುತ್ತದೆ. ಆಗ ಅವು ತೆರೆದ ಜಾಗದಲ್ಲಿವೆ, ಸಣ್ಣವು, ತಮ್ಮ ಒಂದು ಹನಿಗೂ ಸಾಲದವು. ಆದರೆ ಆಗ ಯಾರೂ ಗದ್ದೆಗೆ ಹೋಗುವುದಿಲ್ಲ, ಹೋದವರಿಗೂ ಕಾಣುವುದಿಲ್ಲ. ಆಮೇಲೆ ಹುಳ ಸುಳಿಗೆ ಇಳಿಯುತ್ತದೆ. ಅಲ್ಲಿ ದೊಡ್ಡದು ಸಣ್ಣದನ್ನು ತಿಂದು ಕೊನೆಗೆ ಸುಳಿಗೊಂದೇ ಉಳಿಯುತ್ತದೆ, ಬಾಯಿಗೆ ಒದ್ದೆ ಗರಗಸಹುಡಿಯಂಥ ಲದ್ದಿಯ ಬಿರಡೆ ಹಾಕಿಕೊಂಡು. ಒಟ್ಟು ಜೀವಮಾನದಲ್ಲಿ ತಿನ್ನುವುದರ ಹೆಚ್ಚಿನ ಪಾಲನ್ನು ಅದು ಕೊನೆಯ ಹಂತದಲ್ಲಿ ತಿನ್ನುತ್ತದೆ. ನಮಗೆ ಗಾಬರಿಯಾಗುವುದು ಆಗ. ಎಲೆಯೆಲ್ಲ ಹರಿದು ಜಾಲರಿಯಾಗಿರುತ್ತದೆ, ಅಂಗಡಿಗೆ ಓಡುತ್ತೇವೆ, ತಮ್ಮನ್ನು ಕರೆತರುತ್ತೇವೆ, ಮಟಮಟ ಮಧ್ಯಾಹ್ನ, ಹುಳ ಸುಳಿಯ ತಳದಲ್ಲಿ ವಿಶ್ರಾಂತಿಯಲ್ಲಿರುವಾಗ, ಮೇಲಿನ ಎಲೆಗಳಿಗೆ ಅಭಿಷೇಕ ಮಾಡಿ ಬರುತ್ತೇವೆ. ಅಷ್ಟರಲ್ಲಿ ಹುಳಕ್ಕೆ ವಯಸ್ಸಾಗಿ ಅದು ತಾನಾಗಿ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಮುಂದಿನ ವಾರ ಸುಳಿ ಖಾಲಿ, ಹೊಸ ಎಲೆ ಹಸಿರು. "ಮದ್ದು ಲಾಯ್ಕ್ ಉಂಟು ಮಾರಾಯ" ಎಂದು ನಾವು ನೆರೆಮನೆಗೆ ಹೇಳುತ್ತೇವೆ. ತಮ್ಮ ಕೀರ್ತಿಯಲ್ಲಿ ಎಷ್ಟು ಭಾಗ ತಮ್ಮದು, ಎಷ್ಟು ಭಾಗ ಹುಳದ ಪಂಚಾಂಗದ್ದು ಎಂದು ತಾವೇ ಎಂದಾದರೂ ಲೆಕ್ಕ ಹಾಕಿದ್ದೀರಾ?

ಸೋತಾಗಲೂ ನಾವು ಸುಮ್ಮನಿರುವುದಿಲ್ಲ, ಮದ್ದು ಬದಲಾಯಿಸುತ್ತೇವೆ. ಇದು ಇನ್ನೂ ತಮಾಷೆ. ಕ್ಲೋರಾಂಟ್ರಾನಿಲಿಪ್ರೋಲ್ ಅವರ ಪೇಟೆಂಟ್ ಭಾರತದಲ್ಲಿ 2022ರ ಆಗಸ್ಟಿನಲ್ಲಿ ಮುಗಿಯಿತು. ಅಲ್ಲಿಂದ ತಾವು ಹತ್ತಾರು ಹೆಸರಿನಲ್ಲಿ, ಹತ್ತಾರು ಬಣ್ಣದ ಡಬ್ಬಿಯಲ್ಲಿ ಅವತಾರ ಎತ್ತಿದ್ದೀರಿ. ಬೆಲೆ ಇಳಿಯಿತು, ಸಂತೋಷ. ಆದರೆ ಒಂದು ಹೆಸರಿನ ಬಾಟಲಿ ಸೋತಿತೆಂದು ಇನ್ನೊಂದು ಹೆಸರಿನದನ್ನು ತಂದವನು ತಮ್ಮನ್ನೇ ಮತ್ತೊಮ್ಮೆ ಮನೆಗೆ ಕರೆದಿರುತ್ತಾನೆ, ಆಮೇಲೆ ಇನ್ನೊಂದರ ಜೊತೆ ಬೆರೆಸಿದ ಡಬ್ಬಿಯಲ್ಲಿ ಮೂರನೆಯ ಸಲ. ಹುಳಕ್ಕೆ ಇದಕ್ಕಿಂತ ಒಳ್ಳೆಯ ಟ್ಯೂಷನ್ ಇಲ್ಲ. ಪೋರ್ಟೊ ರಿಕೊ ದ್ವೀಪದಲ್ಲಿ ಗಿಡದೊಳಗೇ ವಿಷ ಇಟ್ಟುಕೊಂಡ ಬಿಟಿ ಜೋಳವನ್ನು ಇದೇ ಹುಳ 2006ರ ಹೊತ್ತಿಗೆ ಜೀರ್ಣಿಸಿಕೊಂಡಿತು, ಆಮೇಲೆ ಕ್ಲೋರಾಂಟ್ರಾನಿಲಿಪ್ರೋಲ್ ಅವರನ್ನೂ ಬಿಡಲಿಲ್ಲ. ಒಂದು ಬೆಳೆಯಲ್ಲಿ ಒಂದೇ ಗುಂಪಿನ ಮದ್ದನ್ನು ಮತ್ತೆ ಮತ್ತೆ ಬಿಡಬೇಡಿ ಎಂದು ವಿಜ್ಞಾನಿಗಳು ಬಡಿದುಕೊಳ್ಳುವುದು ಇದಕ್ಕೆ. ಹೆಸರು ನೋಡಬೇಡಿ, ಡಬ್ಬಿಯ ಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದ ಒಳಗಿನ ವಸ್ತುವನ್ನು ನೋಡಿ ಎಂದರೆ, ನಮ್ಮಲ್ಲಿ ಅರ್ಧ ಜನ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಈಗ ನನ್ನ ಹಸುವಿನ ಪರವಾಗಿ ಎರಡು ಮಾತು.

ಕಾಳಿಗೆಂದು ಜೋಳ ಬೆಳೆಯುವ ದಾವಣಗೆರೆಯಲ್ಲಿ ತಾವು ಸುಳಿಗೆ ಬಿದ್ದರೆ ಮನುಷ್ಯ ಅಥವಾ ಕೋಳಿ ತಿನ್ನುವುದು ತಿಂಗಳುಗಟ್ಟಲೆ ಆಮೇಲೆ ಸಿಪ್ಪೆಯೊಳಗೆ ಬಲಿತ ಕಾಳನ್ನು. ನನ್ನ ಗದ್ದೆಯಲ್ಲಿ ಹಸು ತಿನ್ನುವುದು ತಾವು ಬಿದ್ದ ಎಲೆಯನ್ನೇ, ತಾವು ಕೂತ ಸುಳಿಯನ್ನೇ. ಬಿತ್ತಿ ನಲವತ್ತು ದಿನಕ್ಕೆ ಗಾಬರಿಯಾಗಿ ಮದ್ದು ಬಿಟ್ಟವನು ಅಟ್ಟದಲ್ಲಿ ಒಣಹುಲ್ಲು ಮುಗಿಯಿತೆಂದು ಐವತ್ತನೆಯ ದಿನಕ್ಕೇ ಕತ್ತಿ ಹಾಕುತ್ತಾನೆ. ಸಂಜೆ ಹಾಲು ಸೊಸೈಟಿಗೆ. ಅಲ್ಲಿ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ. ಕ್ಯಾನಿನ ಮುಂದೆ ನಿಂತು ತಮ್ಮ ಹೆಸರು ಹಿಡಿದು ಕೂಗುವ ಯಂತ್ರ ಅಲ್ಲಿಲ್ಲ. ಹಸುವಿಗೆ ಉಣ್ಣಿಯಾದಾಗ ಐವರ್‌ಮೆಕ್ಟಿನ್ ಚುಚ್ಚಲು ಹೊರಟರೆ ಪಶುವೈದ್ಯರು ಮೊದಲು ಕೇಳುವುದು, ಹಾಲು ಕೊಡುವ ಹಸುವೋ ಎಂದು. ಚುಚ್ಚಿದರೆ ಹಾಲು ಸೊಸೈಟಿಗೆ ಹಾಕಬೇಡಿ ಎನ್ನುತ್ತಾರೆ. ಐವರ್‌ಮೆಕ್ಟಿನ್ನಿನ ತಮ್ಮನಾದ ಎಮಾಮೆಕ್ಟಿನ್ ಬಗ್ಗೆ ಅಂಗಡಿಯಲ್ಲಿ ಆ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಅಲ್ಲಿ ತಾವು ಬೆಳೆಯ ಮದ್ದು, ಹಸುವಿನದಲ್ಲ. ಇಂಜೆಕ್ಷನ್ನಿನ ದಾರಿಯಲ್ಲಿ ಹೋದರೆ ತಪ್ಪು, ಹುಲ್ಲಿನ ದಾರಿಯಲ್ಲಿ ಹೋದರೆ ಸರಿ ಎಂದು ಹಸುವಿನ ಹೊಟ್ಟೆ ಒಪ್ಪಿಕೊಂಡಂತಿದೆ. ಲೇಬಲ್ಲಿನಲ್ಲಿ ಕಾಯಬೇಕಾದ ದಿನಗಳು ಎಂಬ ಒಂದು ಕಾಲಂ ಇರುತ್ತದೆ ಎಂದು ನಾಲ್ಕು ಜನಕ್ಕೆ ಹೇಳಿದ್ದೇನೆ. ಇಬ್ಬರು ಅದನ್ನು ಗ್ಯಾರಂಟಿ ಅವಧಿ ಎಂದುಕೊಂಡಿದ್ದರು.

ತಮ್ಮ ಪೈಕಿ ಕ್ಲೋರಾಂಟ್ರಾನಿಲಿಪ್ರೋಲ್ ಅವರು ಹಸಿರು ತ್ರಿಕೋನದವರು, ಸಾತ್ವಿಕರು, ಮನುಷ್ಯರಿಗೂ ಜೇನಿಗೂ ಹೆಚ್ಚು ಉಪದ್ರವ ಇಲ್ಲದವರು ಎಂದು ಕೇಳಿದ್ದೇನೆ. ನಂಬುತ್ತೇನೆ. ಆದರೆ ನಮ್ಮ ತಾಲೂಕಿನವರಿಗೆ ಮದ್ದು ಎಂದ ಕೂಡಲೇ ನೆನಪಾಗುವುದು ಇನ್ನೊಂದು. ಕೊಕ್ಕಡ ಬೆಳ್ತಂಗಡಿ ತಾಲೂಕಿನ ಊರು. ಅಲ್ಲೂ ಸುತ್ತಲಿನ ಊರುಗಳಲ್ಲೂ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಮೇಲೆ 1980ರ ದಶಕದಿಂದ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುರಿ ಇದ್ದದ್ದು ಗೇರುಹೂವಿನ ಟೀ ಸೊಳ್ಳೆ. ಕೆಳಗೆ ಮನೆ ಇತ್ತು, ಬಾವಿ ಇತ್ತು, ಮಕ್ಕಳು ಇದ್ದರು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರ ಫೆಬ್ರುವರಿಯಲ್ಲಿ. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು ಅದೇ ವರ್ಷ ಮೇ 13ರಂದು. ಕೊಕ್ಕಡದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರ ತೆರೆದರು. ಮಲಗಿದಲ್ಲೇ ಬೆಳೆದು ದೊಡ್ಡವರಾದ ಮಕ್ಕಳನ್ನು ಎತ್ತಿ ತೊಳೆಸುತ್ತಾ ತಾಯಂದಿರಿಗೆ ಮುಪ್ಪು ಬಂದಿದೆ. ತಮ್ಮನ್ನು ಎಂಡೋಸಲ್ಫಾನಿನ ಸಾಲಿಗೆ ಸೇರಿಸುತ್ತಿಲ್ಲ, ಅದು ಅನ್ಯಾಯ. ತಮ್ಮ ಗುಣ ಬೇರೆ, ಪ್ರಮಾಣ ಬೇರೆ. ಆದರೆ ಆಗ ಅದಕ್ಕೂ ಕಾಗದಪತ್ರ ಎಲ್ಲ ಸರಿ ಇತ್ತು. ಹೇಗೆ ಬಳಸಬೇಕು ಎಂದು ಲೇಬಲ್ಲಿನಲ್ಲಿ ಬರೆದದ್ದೂ ಇತ್ತು. ಹೆಲಿಕಾಪ್ಟರಿನಲ್ಲಿ ಕೂತವರಿಗೆ ಲೇಬಲ್ಲು ಕಾಣಲಿಲ್ಲ, ಅಷ್ಟೇ.

ಇನ್ನು ತೋಡು. ನಮ್ಮ ಗದ್ದೆಗಳು ತೋಡಿನ ಬದಿಯವು. ಗದ್ದೆಯ ನೀರು ತೋಡಿಗೆ, ತೋಡು ಫಲ್ಗುಣಿಗೋ ನೇತ್ರಾವತಿಗೋ. ಎಮಾಮೆಕ್ಟಿನ್ ಅವರನ್ನು ತಣ್ಣನೆಯ ದೇಶಗಳಲ್ಲಿ ಸಾಲ್ಮನ್ ಮೀನಿನ ಮೈಗೆ ಅಂಟುವ ಹೇನನ್ನು ಕೊಲ್ಲಲು ಮೀನಿನ ಆಹಾರದಲ್ಲೇ ಬೆರೆಸುತ್ತಾರಂತೆ. ಆ ಹೇನು ಏಡಿ, ಸಿಗಡಿಗಳ ದಾಯಾದಿ. ಕ್ಲೋರಾಂಟ್ರಾನಿಲಿಪ್ರೋಲ್ ಅವರ ಸಾತ್ವಿಕತೆಯೂ ನೀರಿನಲ್ಲಿರುವ ಅದೇ ಏಡಿ, ಸಿಗಡಿ ಕುಲದ ಸಣ್ಣ ಜೀವಿಗಳ ಹತ್ತಿರ ನಡೆಯುವುದಿಲ್ಲ. ಪಂಪು ತೊಳೆಯಲು ನಾವು ಹೋಗುವುದು ಎಲ್ಲಿಗೆ ಎಂದು ತಮಗೆ ಗೊತ್ತು. ಮೊದಲ ಮಳೆಗೆ ಟಾರ್ಚು ಹಿಡಿದು ಡೆಂಜಿ, ಅಂದರೆ ಏಡಿ, ಹಿಡಿಯಲು ಹೋಗುವುದೂ ಅಲ್ಲಿಗೇ.

ಹುಳದ ಜೀವಕ್ಕೂ ಬೆಲೆ ಕೊಡುವವರು ನಮ್ಮಲ್ಲಿ ಇದ್ದಾರೆ. ಮೂಡುಬಿದಿರೆ ಜೈನಕಾಶಿ, ವೇಣೂರಿನಲ್ಲಿ 1604ರ ಗೊಮ್ಮಟ. ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಸಂಚಾರ ನಿಲ್ಲಿಸಿ ಒಂದೇ ಕಡೆ ಉಳಿಯುತ್ತಾರೆ, ಹೊರಗೆ ಹುಳಹುಪ್ಪಟೆ ಹೆಚ್ಚು, ಕಾಲಡಿ ಸಿಕ್ಕಿ ಸತ್ತಾವು ಎಂದು. ಅದೇ ನಾಲ್ಕು ತಿಂಗಳು ತಮ್ಮ ವ್ಯಾಪಾರದ ಸೀಸನ್. ಇದರಲ್ಲಿ ನನ್ನ ವ್ಯಾಖ್ಯಾನ ಏನೂ ಇಲ್ಲ, ಕ್ಯಾಲೆಂಡರು ನೋಡಿ ಹೇಳಿದೆ.

ಹಾಗಾದರೆ ಬೆಳೆಯನ್ನು ಹುಳಕ್ಕೆ ಬಲಿಕೊಟ್ಟು ಕೂರಬೇಕೇ ಎಂದು ತಾವು ಕೇಳಬಹುದು. ತೆಂಗಿನ ಕಥೆ ಹೇಳುತ್ತೇನೆ. 2016ರ ನಂತರ ನಮ್ಮ ಕರಾವಳಿಯ ತೆಂಗಿಗೆ ಇನ್ನೊಬ್ಬ ಅಮೆರಿಕದ ಅತಿಥಿ ಬಂದ, ಸುರುಳಿ ಸುತ್ತಿ ಮೊಟ್ಟೆ ಇಡುವ ಬಿಳಿನೊಣ. ಗರಿಯೆಲ್ಲ ಮಸಿ ಬಳಿದ ಹಾಗೆ ಕಪ್ಪಾಯಿತು. ಕೆಳಗಿನ ಬಾಳೆ, ಕಾಳುಮೆಣಸಿನ ಎಲೆಗೂ ಕಪ್ಪು. ಮದ್ದು ಬಿಡಬೇಕೆಂದು ಎಲ್ಲರ ಕೈಯೂ ತುರಿಸಿತು. ಬಂಟ್ವಾಳ ತಾಲೂಕಿನ ವಿಟ್ಲದಲ್ಲೂ ಕೇಂದ್ರ ಇರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳಿದ್ದು ಒಂದೇ ಮಾತು, ಮದ್ದು ಬಿಡಬೇಡಿ. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುವ ಎನ್ಕಾರ್ಸಿಯ ಎಂಬ ಕಣಜ, ಕಣ್ಣಿಗೆ ಕಾಣದಷ್ಟು ಸಣ್ಣದು, ತಾನಾಗಿ ಹಿಂದೆ ಬಂದಿದೆ. ಮದ್ದು ಬಿಟ್ಟರೆ ಮೊದಲು ಸಾಯುವುದು ಅದು. ಅಷ್ಟು ಎತ್ತರದ ಮರಕ್ಕೆ ಹತ್ತಿ ಮದ್ದು ಬಿಡಲು ಜನ ಸಿಗದ ಕಾರಣ ನಾವು ಸಂಸ್ಥೆಯ ಮಾತನ್ನು ಶ್ರದ್ಧೆಯಿಂದ ಪಾಲಿಸಿದೆವು. ಸೋಮಾರಿತನಕ್ಕೆ ವಿಜ್ಞಾನದ ಬೆಂಬಲ ಸಿಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಮದ್ದು ಬಿಡುವ ಹೊತ್ತಿಗೆ ಜೋಳ ಎದೆಮಟ್ಟ, ಅಲ್ಲಿ ಆ ನೆಪ ನಡೆಯುವುದಿಲ್ಲ. ಆದರೂ ಹದಿನೈದು ಸೆಂಟ್ಸಿಗೆ ಬೇಕಾದ್ದು ಬೇರೆಯೇ. ಬಿತ್ತಿದ ಎರಡನೆಯ ವಾರದಿಂದ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಹಾಲು ಹಾಕಿ ಬರುವ ದಾರಿಯಲ್ಲಿ ಸಾಲಿನಲ್ಲಿ ನಡೆಯುವುದು, ರೋಮ ಹೊದ್ದ ಮೊಟ್ಟೆಯ ಗುಂಪು ಕಂಡಲ್ಲಿ ಬೆರಳಲ್ಲಿ ಉಜ್ಜುವುದು. ಒಂದು ಉಜ್ಜಿಗೆ ನೂರಕ್ಕೂ ಹೆಚ್ಚು ಹುಳ. ಇಷ್ಟು ಅಗ್ಗದ ಮದ್ದು ತಮ್ಮ ಶೆಲ್ಫಿನಲ್ಲಿ ಇಲ್ಲ. ನೂರರಲ್ಲಿ ಐದು ಗಿಡಕ್ಕೆ ಬಿದ್ದರೆ ಬೇವಿನಬೀಜದ ಕಷಾಯ. ಸುಳಿಗಿಳಿದರೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಒಂದೊಂದು ಚಿಟಿಕೆ. ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಜಡಿಮಳೆ ಸುಳಿಯಲ್ಲಿ ನಿಂತು ಮರಿಹುಳಗಳು ಮುಳುಗುತ್ತವೆ. ತೇವ ನಾಲ್ಕು ದಿನ ಹಿಡಿದರೆ ಒಂದು ಶಿಲೀಂಧ್ರ ಎದ್ದು, ಹುಳ ಎಲೆಯ ಮೇಲೆ ಸೆಟೆದು ಬೆಳ್ಳಗಾಗಿ, ಆಮೇಲೆ ತಿಳಿಹಸಿರಾಗಿ ಅಂಟಿಕೊಂಡಿರುತ್ತದೆ. ನೊಮುರಿಯಾ ಎಂದು ಅದರ ಹಳೆಯ ಹೆಸರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಬೆಳೆಸಿ ಸೋಯಾ ಬೆಳೆಯ ಹುಳಕ್ಕೆ ಬಳಸಿ ತೋರಿಸಿ ಎಷ್ಟೋ ವರ್ಷವಾಯಿತು. ಬಯಲುಸೀಮೆಯವರು ದುಡ್ಡು ಕೊಟ್ಟು ತರುವ ಆ ಬೂಷ್ಟಿಗೆ ಬೇಕಾದ ಹವೆ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಿನಲ್ಲಿ ಬೇಡವೆಂದರೂ ಸಿಗುತ್ತದೆ. ಚಪ್ಪಲಿಗೂ ಹಿಡಿಯುತ್ತದೆ, ಹುಳಕ್ಕೆ ಹಿಡಿಯದೇ ಇರುತ್ತದೆಯೇ?

ಇಷ್ಟಾದರೂ ಎಲೆ ಸ್ವಲ್ಪ ಹರಿಯುತ್ತದೆ. ಹರಿಯಲಿ. ಹಸು ತೂತು ಎಣಿಸಿ ತಿನ್ನುವುದಿಲ್ಲ.

ಹಾವೇರಿಯ ಮೇಸ್ತ್ರಿಯ ನಾಲ್ಕು ಎಕರೆಗೆ ಈ ಉಪದೇಶ ಮಾಡುವಷ್ಟು ಧೈರ್ಯ ನನಗಿಲ್ಲ. ಅವರಿಗೆ ತಾವು ಬೇಕು. ಹುಳ ಬಿದ್ದ ಗಿಡ ಶೇಕಡಾ ಹತ್ತು, ಇಪ್ಪತ್ತು ದಾಟಿದ ಮೇಲೆ ಬೆರಳಿನ ಉಜ್ಜು ಸಾಲದು. ಬಿತ್ತುವ ಮುಂಚೆ ಬೀಜಕ್ಕೇ ಲೇಪನ ಕೊಟ್ಟರೆ ಮೊದಲ ಎರಡು ಮೂರು ವಾರ ಕಾಯುತ್ತದೆ. ಆಮೇಲೆ ಸಂಜೆ ಹೊತ್ತು, ನಾಜಲ್ಲನ್ನು ಸುಳಿಗೇ ತಿರುಗಿಸಿ, ಒಂದು ಸಲ ತಾವು, ಬೇಕಾದರೆ ಇನ್ನೊಂದು ಸಲ ತಮ್ಮಲ್ಲಿ ಬೇರೆ ಗುಂಪಿನವರು. ಅಷ್ಟಕ್ಕೆ ಬೆಳೆ ಉಳಿಯುತ್ತದೆ. ಆ ಜೋಳ ಉಳಿಯುವುದು ನಮಗೂ ಬೇಕು. ನಮ್ಮ ಕೋರಿ ರೊಟ್ಟಿಯ ಕೋಳಿ, ನಮ್ಮ ಹಸುವಿನ ಹಿಂಡಿ, ಎರಡರೊಳಗೂ ಇರುವುದು ಘಟ್ಟದ ಮೇಲಿನ ಜೋಳವೇ. ಆದರೆ ಒಂದು ವಿಷಯದಲ್ಲಿ ತಾವೂ ಅಸಹಾಯಕರು. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಘೋಷಣೆಯಾಗಿತ್ತು. ಹುಳದಿಂದ ಪಾರಾದ ಫಸಲನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮಾರುಕಟ್ಟೆಗೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ. 2025ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಯಲ್ಲಿ ಕೂತರು. ಸುಳಿಯೊಳಗಿನ ಹುಳಕ್ಕೆ ತಾವಿದ್ದೀರಿ. ತಕ್ಕಡಿಯೊಳಗಿನದಕ್ಕೆ ಲೀಟರಿಗೆ ಎಷ್ಟು ಗ್ರಾಂ ಎಂದು ಯಾವ ಲೇಬಲ್ಲೂ ಹೇಳುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ನನ್ನ ಗದ್ದೆಗೆ ತಾವು ಈ ವರ್ಷ ದಯಮಾಡಿಸಬೇಡಿ. ಬೇರೆಯವರ ಗದ್ದೆಗೆ ಹೋಗುವಾಗ ತಡವಾಗಿ ಕರೆದವರ ಮನೆಗೆ ಹೋಗಬೇಡಿ, ಮಧ್ಯಾಹ್ನ ಕರೆದವರ ಮನೆಗೂ ಬೇಡ. ಎರಡು ಮುಚ್ಚಳ ಎಂದವರ ಕೈಯಲ್ಲಿ ಮುಚ್ಚಳ ತೆರೆಯಬೇಡಿ. ತಮಗೆ ಅಷ್ಟು ಸ್ವಾತಂತ್ರ್ಯ ಇಲ್ಲ ಎಂದು ಗೊತ್ತು. ಆದರೂ ಇದನ್ನು ರೈತರಿಗೇ ಬರೆದರೆ ಯಾರೂ ಓದುವುದಿಲ್ಲ, ಹಾಗಾಗಿ ತಮಗೆ ಬರೆದಿದ್ದೇನೆ.

ಇಂತೀ ತಮ್ಮ ಗ್ರಾಹಕನಾಗಿದ್ದವನು,
ಬೆಳ್ತಂಗಡಿ ತಾಲೂಕಿನ ಒಬ್ಬ ಕೃಷಿಕ

ಮರೆತ ಮಾತು: ತಾವು ಕೊಲ್ಲುವ ಈ ಹುಳಕ್ಕೆ ಇನ್ನೊಂದು ಉದ್ಯೋಗವೂ ಇದೆ ಎಂದು ತಮಗೆ ತಿಳಿದಿರಲಿಕ್ಕಿಲ್ಲ. ಇದರ ಕೋಶದ ಅಂಡಾಶಯದಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ದಶಕಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. 2021ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ತುರ್ತು ಅನುಮತಿ ಪಡೆದ ಪುಣೆಯ ಕೊವೊವ್ಯಾಕ್ಸ್ ಎಂಬ ಕೊರೊನಾ ಲಸಿಕೆಯ ಪ್ರೋಟೀನು ತಯಾರಾದದ್ದು ಆ ಜೀವಕೋಶಗಳಲ್ಲೇ. ಶೆಲ್ಫಿನ ಮೇಲೆ ತಾವು, ಫ್ರಿಜ್ಜಿನೊಳಗೆ ಅದು. ನನಗೆ ಹಾಕಿದ್ದು ಎರಡು ಸಲವೂ ಕೋವಿಶೀಲ್ಡ್. ಹಾಗಾಗಿ ಆ ಹುಳಕ್ಕೆ ವೈಯಕ್ತಿಕವಾಗಿ ನನ್ನಿಂದ ಏನೂ ಬಾಕಿ ಇಲ್ಲ.